ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್

ಎಂಜಿನ್ನಿನ ಹೊಗೆಯಲ್ಲಿ ಆಮ್ಲಜನಕ ಎಷ್ಟು ಮಿಕ್ಕಿದೆ ಅಥವಾ ಎಷ್ಟು ಸಾಲದೆ ಹೋಗಿದೆ ಎಂದು ಅಳೆದು, ಸಿಲಿಂಡರಿನೊಳಗೆ ಉರಿದ ಗಾಳಿ-ಇಂಧನ ಮಿಶ್ರಣದ ಹದವನ್ನು ತಿಳಿಸುವ ಸಾಧನ. ಎಕ್ಸಾಸ್ಟ್ ಪೈಪಿಗೆ ಇದನ್ನು ಸ್ಪಾರ್ಕ್ ಪ್ಲಗ್ಗಿನಂತೆ ತಿರುಪಿ ಕೂರಿಸುತ್ತಾರೆ. ಇದು ಕೈಗೆ ಸಿಗುವ ಮೊದಲು ಮೆಕ್ಯಾನಿಕ್‌ಗಳು ಪ್ಲಗ್ ಬಿಚ್ಚಿ, ತುದಿಯ ಬಣ್ಣ ನೋಡಿ ಹದ ಊಹಿಸುತ್ತಿದ್ದರು: ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗೆ ಸುಟ್ಟಿದ್ದರೆ ಕಡಿಮೆ.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಸಿಕ್ಕಿದ ಗಾಳಿಯನ್ನು ಬೇಕಾದ ಗಾಳಿಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ‘ಲ್ಯಾಂಬ್ಡಾ’ ಎಂದು ಹೆಸರು. ಅದು 1 ಆಗಿದ್ದರೆ ಹದ ಸರಿಸಮ. ಕೆಳಗಿಳಿದರೆ ಮಿಶ್ರಣ ‘ರಿಚ್’, ಮೇಲೇರಿದರೆ ‘ಲೀನ್’. ಪೆಟ್ರೋಲ್ ಎಂಜಿನ್ ಹೆಚ್ಚು ಶಕ್ತಿ ಕೊಡುವುದು ಲ್ಯಾಂಬ್ಡಾ 0.85ರಿಂದ 0.90ರ ಆಸುಪಾಸಿನಲ್ಲಿ; ಮೈಲೇಜು ಸಿಗುವುದು 1ಕ್ಕಿಂತ ತುಸು ಮೇಲೆ; ಕ್ಯಾಟಲಿಟಿಕ್ ಕನ್ವರ್ಟರ್ ಮೂರು ಬಗೆಯ ವಿಷಾನಿಲಗಳನ್ನು ಒಟ್ಟಿಗೆ ತಗ್ಗಿಸುವುದು 1ರ ತೀರ ಹತ್ತಿರದಲ್ಲಿ ಮಾತ್ರ.

ಬಾಷ್ ಕಂಪನಿಯ ಮೊದಲ ಲ್ಯಾಂಬ್ಡಾ ಸೆನ್ಸರ್ 1976ರಲ್ಲಿ ಅಮೆರಿಕದ ಮಾರುಕಟ್ಟೆಗೆ ಹೋದ ವೋಲ್ವೊ ಕಾರುಗಳಲ್ಲಿ ಬಂತು. ಈಗ ಅದನ್ನು ‘ನ್ಯಾರೋಬ್ಯಾಂಡ್’ ಎನ್ನುತ್ತಾರೆ. ಮಿಶ್ರಣ ರಿಚ್ ಆದರೆ ಅದು ಸುಮಾರು 0.9 ವೋಲ್ಟ್ ತೋರಿಸುತ್ತದೆ, ಲೀನ್ ಆದರೆ 0.1. ನಡುವಿನ ದಾರಿ ಗೋಡೆಯಷ್ಟು ಕಡಿದು. ಹೆಚ್ಚಾಯಿತು, ಕಡಿಮೆಯಾಯಿತು ಎಂದು ಹೇಳುವುದೇ ಹೊರತು ಎಷ್ಟು ಎಂದು ಅದಕ್ಕೆ ಹೇಳಲು ಬಾರದು. ಕನ್ವರ್ಟರನ್ನು ಕಾಯಲು ಅಷ್ಟೇ ಸಾಕಿತ್ತು. ಲೀನ್ ಮಿಶ್ರಣದಲ್ಲೇ ಓಡುವ ಎಂಜಿನ್ನುಗಳಿಗೆ ಮಾತ್ರ ಸಾಲಲಿಲ್ಲ. 1992ರ ಹೊಂಡಾ ಸಿವಿಕ್ ವಿಎಕ್ಸ್ ಅಂಥದ್ದು, ಅದರಲ್ಲಿ ಎನ್‌ಟಿಕೆ ಬ್ರ್ಯಾಂಡಿನ ವೈಡ್‌ಬ್ಯಾಂಡ್ ಸೆನ್ಸರ್ ಇತ್ತು.

ವೈಡ್‌ಬ್ಯಾಂಡಿನ ಹೊಟ್ಟೆಯಲ್ಲಿರುವುದು ಇಟ್ರಿಯಾ ಬೆರೆತ ಜಿರ್ಕೋನಿಯಾ ಪಿಂಗಾಣಿಯ ಎರಡು ಕೋಶಗಳು. ಹೊಗೆ ಕೂದಲೆಳೆಗಿಂತ ಕಿರಿದಾದ ಸಂದಿನಿಂದ ನುಸುಳಿ ಪುಟ್ಟ ಕೋಣೆಗೆ ಬರುತ್ತದೆ. ಒಂದು ಕೋಶ ಆ ಕೋಣೆಯನ್ನು ಕಾಯುವ ಕಾವಲುಗಾರ, ನ್ಯಾರೋಬ್ಯಾಂಡಿನದೇ ಜಾತಿ. ಇನ್ನೊಂದು ಪಂಪು. ಕೋಣೆಯಲ್ಲಿ ಆಮ್ಲಜನಕ ಹೆಚ್ಚಾದರೆ ಪಂಪು ಅದನ್ನು ಹೊರಹಾಕುತ್ತದೆ. ಕಡಿಮೆಯಾದರೆ ಹೊಗೆಯಲ್ಲಿನ ನೀರಾವಿ, ಇಂಗಾಲದ ಡೈಆಕ್ಸೈಡುಗಳನ್ನು ಒಡೆದು ಆಮ್ಲಜನಕವನ್ನು ಒಳಕ್ಕೆ ಎಳೆಯುತ್ತದೆ. ಕಾವಲು ಕೋಶ ಸದಾ 450 ಮಿಲಿವೋಲ್ಟ್‌ನಲ್ಲಿ, ಅಂದರೆ ಲ್ಯಾಂಬ್ಡಾ 1ರಲ್ಲಿ ನಿಲ್ಲುವಂತೆ ನೋಡಿಕೊಳ್ಳಲು ಪಂಪಿಗೆ ಎಷ್ಟು ವಿದ್ಯುತ್ ಬೇಕಾಯಿತು ಎಂಬುದೇ ಅಳತೆ. ಹದ ಸರಿಯಿದ್ದರೆ ಪಂಪಿಗೆ ಕೆಲಸವಿಲ್ಲ, ವಿದ್ಯುತ್ ಸೊನ್ನೆ. ಬಾಷ್‌ನ ಎಲ್‌ಎಸ್‌ಯು 4.9 ಸೆನ್ಸರಿನಲ್ಲಿ ಬರೀ ಗಾಳಿಗೂ ಅದು ಎರಡೂವರೆ ಮಿಲಿಆಂಪಿಯರ್ ಮಾತ್ರ.

ಕಾವಲು ಕೋಶಕ್ಕೆ ಜರ್ಮನ್ ವಿಜ್ಞಾನಿ ವಾಲ್ಟರ್ ನರ್ನ್‌ಸ್ಟ್‌ನ ಹೆಸರಿದೆ. ಅದು ಇಂಥ ಕೋಶದ ವೋಲ್ಟೇಜ್ ಹೇಳುವ ಅವನ ಸಮೀಕರಣದ ನೆನಪು. ಆದರೆ ನಂಟು ಇನ್ನೂ ಹತ್ತಿರದ್ದು. 1897ರ ಹೊತ್ತಿಗೆ ಅವನು ಮಾಡಿದ ವಿದ್ಯುದ್ದೀಪದ ಕಡ್ಡಿಯೂ ಜಿರ್ಕೋನಿಯಾ, ಇಟ್ರಿಯಾಗಳದೇ. ತಣ್ಣಗಿದ್ದಾಗ ಆ ಕಡ್ಡಿ ವಿದ್ಯುತ್ತನ್ನು ಹರಿಯಬಿಡುತ್ತಿರಲಿಲ್ಲ, ಮೊದಲು ಕಾಯಿಸಬೇಕಿತ್ತು. ಸೆನ್ಸರಿನ ಹಟವೂ ಅದೇ: 750ರಿಂದ 800 ಡಿಗ್ರಿ ಸೆಲ್ಸಿಯಸ್ ಕಾವೇರದೆ ನಂಬುವಂಥ ಅಳತೆ ಕೊಡದು. ಅದಕ್ಕಾಗಿ ಒಳಗೇ ಹೀಟರ್ ಇದೆ. ಹೀಟರ್, ಪಂಪು ಎರಡನ್ನೂ ಸಂಭಾಳಿಸುವ ಕಂಟ್ರೋಲರ್ ಬೇರೆಯೇ ಬೇಕು. ನ್ಯಾರೋಬ್ಯಾಂಡಿನಂತೆ ವೋಲ್ಟ್‌ಮೀಟರ್ ಹಚ್ಚಿ ಓದಲಾಗದು. ಕಂಟ್ರೋಲರ್ ಕೊಡುವ 0–5 ವೋಲ್ಟ್ ಸಂಕೇತವೇ ಗೇಜಿಗೂ ಎಂಜಿನ್ನನ್ನು ನಡೆಸುವ ಕಂಪ್ಯೂಟರಾದ ಇಸಿಯುಗೂ ಹೋಗುತ್ತದೆ.

ಗೇಜಿನ ಮೇಲೆ ಕಾಣುವ 14.7 ಅಥವಾ 12.5 ಅಳೆದ ಸಂಖ್ಯೆಯಲ್ಲ, ಲೆಕ್ಕ ಹಾಕಿದ್ದು. ಸೆನ್ಸರಿಗೆ ತಿಳಿಯುವುದು ಲ್ಯಾಂಬ್ಡಾ ಮಾತ್ರ. ಗೇಜು ಅದನ್ನು 14.7ರಿಂದ ಗುಣಿಸುತ್ತದೆ. ಎಥನಾಲ್‌ಗೆ ಒಂದಕ್ಕೆ ಒಂಬತ್ತರಷ್ಟು ಗಾಳಿ ಸಾಕು. ಹೀಗಾಗಿ 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾದ, ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿನ ಸರಿಸಮ ಅನುಪಾತ ಸುಮಾರು 13.5. ಅದು ಹದವಾಗಿ ಉರಿದಾಗಲೂ ಗೇಜು 14.7 ಎಂದೇ ಅನ್ನುತ್ತದೆ. ಎಥನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿಸಿದ ಹಳೆಯ ಕಾರ್ಬ್ಯುರೇಟರ್ ಬೈಕಿಗೆ ಇ20 ಹಾಕಿದರೆ ಮಿಶ್ರಣ ಶೇ. 7–8ರಷ್ಟು ಲೀನ್ ಆಗುತ್ತದೆ, ಅದನ್ನು ಲ್ಯಾಂಬ್ಡಾ ನೇರವಾಗಿ ತೋರಿಸುತ್ತದೆ. ಟ್ಯೂನಿಂಗ್ ಮಾಡುವವರು ಗೇಜನ್ನು ಲ್ಯಾಂಬ್ಡಾಕ್ಕೇ ಇಟ್ಟುಕೊಳ್ಳುವುದು ಮೇಲು.

ಸೆನ್ಸರ್ ಕಾಣುವುದು ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆದರೆ ಉರಿಯದ ಗಾಳಿ ಹಾಗೇ ಹೊರಬಂದು ಗೇಜು ‘ಲೀನ್’ ಎನ್ನುತ್ತದೆ; ನಂಬಿ ಇನ್ನಷ್ಟು ಪೆಟ್ರೋಲ್ ಸುರಿದರೆ, ರಿಚ್ ಆಗಿಯೇ ಮಿಸ್ ಆಗುತ್ತಿದ್ದ ಎಂಜಿನ್ ಇನ್ನೂ ಹದಗೆಡುತ್ತದೆ. ಸೆನ್ಸರಿಗಿಂತ ಮುಂಚೆ ಪೈಪಿನ ಜಾಯಿಂಟ್ ಸೀಳಿದ್ದರೂ ಇದೇ ಸುಳ್ಳು. ಮೋಟಾರ್ ಸೈಕಲ್ಲಿನ ಗಿಡ್ಡ ಸೈಲೆನ್ಸರಿನಲ್ಲಿ ಐಡ್ಲಿಂಗ್ ವೇಳೆ ಬಾಲದಿಂದ ಹೊರಗಾಳಿ ಹಿಮ್ಮುಖವಾಗಿ ನುಗ್ಗುವುದೂ ಉಂಟು. ನಾಲ್ಕು ಸಿಲಿಂಡರುಗಳ ಹೊಗೆ ಕೂಡುವಲ್ಲಿ ಒಂದೇ ಸೆನ್ಸರ್ ಇದ್ದರೆ ಸಿಗುವುದು ಸರಾಸರಿ. ಒಂದು ಲೀನ್, ಒಂದು ರಿಚ್ ಆಗಿರುವುದು ಅದರಲ್ಲಿ ಅಡಗಿಹೋಗುತ್ತದೆ.

ಪೈಪಿಗೆ ಬೆಸೆದ, 18 ಮಿ.ಮೀ. ಮರೆಯಿರುವ ನಟ್ಟಿನಲ್ಲಿ ಸೆನ್ಸರನ್ನು ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲೆ, ತುದಿ ಕೆಳಗಾಗುವಂತೆ ಕೂರಿಸಬೇಕು. ಇಲ್ಲವಾದರೆ ಪೈಪಿನಲ್ಲಿ ಕಟ್ಟಿದ ನೀರಹನಿ ಕಾದ ಪಿಂಗಾಣಿಗೆ ತಾಗಿ ಬಿರುಕು ಬಿಡುತ್ತದೆ. ಹೀಟರಿಗೆ ಕರೆಂಟ್ ಕೊಡದೆ ಹೊಗೆಯಲ್ಲಿ ಬಿಟ್ಟರೆ ಮಸಿ ಹಿಡಿದು ಹಾಳಾಗುತ್ತದೆ. ಸೀಸ ಬೆರೆತ ರೇಸಿಂಗ್ ಪೆಟ್ರೋಲ್, ಗ್ಯಾಸ್ಕೆಟ್‌ಗೆ ಹಚ್ಚುವ ಸಿಲಿಕೋನ್ ಅಂಟಿನ ಆವಿ ಎರಡೂ ಇದಕ್ಕೆ ವಿಷ. ಕೆಲವು ಕಂಟ್ರೋಲರುಗಳಿಗೆ ಸೆನ್ಸರನ್ನು ಆಗಾಗ ಬಿಚ್ಚಿ ಬಯಲ ಗಾಳಿಯಲ್ಲಿ ನೇತುಹಾಕಿ ಅಳತೆ ಸರಿಪಡಿಸಬೇಕಾಗುತ್ತದೆ. ಆ ಕೆಲಸವನ್ನು ಪಕ್ಕದಲ್ಲೇ ಇನ್ನೊಂದು ಗಾಡಿ ಸ್ಟಾರ್ಟ್ ಆಗಿ ನಿಂತಿರುವ ಗ್ಯಾರೇಜಿನೊಳಗೆ ಮಾಡಬಾರದು.