ಕೂಡುಕುಟುಂಬದಲ್ಲಿ ವ್ಯಕ್ತಿಯ ಹಕ್ಕು: ಮಿತಾಕ್ಷರ, ದಾಯಭಾಗ, ಅಳಿಯಸಂತಾನ

ಐಬಿಎಂ ನೌಕರರು ತುಂಬಿದ ಪ್ರಶ್ನಾವಳಿಗಳನ್ನು ಆಧರಿಸಿ ಗೀರ್ಟ್ ಹಾಫ್‌ಸ್ಟೆಡ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವ್ಯಕ್ತಿವಾದಕ್ಕೆ ಅಮೆರಿಕ 91 ಅಂಕ ಪಡೆದರೆ ಭಾರತಕ್ಕೆ ಸಿಕ್ಕಿದ್ದು 48. ದೇಶಕ್ಕೊಂದು ಅಂಕ ಕೊಡುವ ಈ ಕ್ರಮ ಆಸ್ತಿಯ ಪ್ರಶ್ನೆ ಬಂದಾಗ ಸೋಲುತ್ತದೆ. ಗುಂಪು ಎಷ್ಟು ಬಿಗಿಯಾಗಿದೆ ಎಂಬುದನ್ನಷ್ಟೇ ಅದು ಅಳೆಯುತ್ತದೆ. ಗುಂಪಿನೊಳಗೆ ಹಕ್ಕು ಯಾರ ಕೈಯಲ್ಲಿದೆ ಎಂದು ಕೇಳುವುದಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಮಿತಾಕ್ಷರ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು ಎನ್ನುತ್ತದೆ ಅದು. ಬಂಗಾಳ ಅನುಸರಿಸಿದ ಜೀಮೂತವಾಹನನ ದಾಯಭಾಗಕ್ಕೆ ಈ ಮಾತು ಒಪ್ಪಿಗೆಯಿಲ್ಲ: ತಂದೆ ಇರುವಷ್ಟು ಕಾಲ ಆಸ್ತಿ ಅವನೊಬ್ಬನದೇ. ಮೇಲುನೋಟಕ್ಕೆ ಮೊದಲನೆಯದು ಸಮಷ್ಟಿಯ ಪರ, ಎರಡನೆಯದು ವ್ಯಕ್ತಿಯ ಪರ. ಮಗನ ಕಡೆಯಿಂದ ನೋಡಿ. ಬ್ರಿಟಿಷ್ ನ್ಯಾಯಾಲಯಗಳ ಕಾಲಕ್ಕೆ ಬರುವಾಗ ಮಿತಾಕ್ಷರ ಕುಟುಂಬದ ವಯಸ್ಕ ಮಗ ಸಾಮಾನ್ಯವಾಗಿ ತಂದೆಯ ಎದುರೇ ಪಾಲು ಕೇಳಿ ಬೇರೆಯಾಗಬಹುದಿತ್ತು. ಬಂಗಾಳದ ಮಗನಿಗೆ ತಂದೆ ಮನಸ್ಸು ಮಾಡಿದರಷ್ಟೇ ಉಂಟು. ಒಟ್ಟು ಆಸ್ತಿಯ ಮನೆಯಲ್ಲೇ ಮಗನೆಂಬ ವ್ಯಕ್ತಿ ಹೆಚ್ಚು ಗಟ್ಟಿಯಾಗಿ ನಿಂತಿದ್ದ. ತುಳುನಾಡಿನ ಅಳಿಯಸಂತಾನದಲ್ಲಾದರೆ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಎಲ್ಲರೂ ಒಪ್ಪದೆ ಪಾಲಾಗುವಂತಿರಲಿಲ್ಲ. 1949ರ ಮದ್ರಾಸ್ ಕಾಯ್ದೆ ಬಂದ ಮೇಲೆ ಕವರುಗಳಿಗೆ, ಅಂದರೆ ಕುಟುಂಬದೊಳಗಿನ ಹೆಣ್ಣುಸಂತತಿಯ ಶಾಖೆಗಳಿಗೆ, ಪಾಲು ಕೇಳುವ ಹಕ್ಕು ಸಿಕ್ಕಿತು.

ಕುಟುಂಬದ ಹಿಡಿತ ದುಡಿಮೆಯವರೆಗೂ ಚಾಚಿತ್ತು. ಮನೆಯ ಹಣದಲ್ಲಿ ಓದಿ ಐಸಿಎಸ್ ಅಧಿಕಾರಿಯಾದವನ ಗಳಿಕೆಯೂ ಅವಿಭಕ್ತ ಕುಟುಂಬದ್ದೇ ಎಂದು 1921ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ವಿದ್ಯೆಯ ಗಳಿಕೆ ಗಳಿಸಿದವನ ಸ್ವಂತದ್ದು ಎಂದು ಹೇಳಲು 1930ರ ಕಾಯ್ದೆಯೇ ಬೇಕಾಯಿತು. ಆ ಒಂಬತ್ತು ವರ್ಷಗಳಲ್ಲಿ ಜನರ ಸ್ವಭಾವ ಬದಲಾಯಿತೆಂದು ಯಾರೂ ವಾದಿಸಲಾರರು, ಬದಲಾದದ್ದು ಕಾನೂನು.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಕಾನೂನು ಬದಲಾದರೂ ಸಾಲಲಿಲ್ಲ. ಕರ್ನಾಟಕ 1994ರಲ್ಲಿ, ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ, ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ವಿಸ್ತರಿಸಿತು. ಆದರೂ ಅಣ್ಣತಮ್ಮಂದಿರು ಪಾಲಾಗುವ ಹೊತ್ತಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಹಬ್ಬಕ್ಕೆ ಕರೆ ಬರಬೇಕು, ಕಷ್ಟಕಾಲಕ್ಕೆ ಹೋಗಿ ನಿಲ್ಲಲು ಒಂದು ಬಾಗಿಲು ಬೇಕು. ಪಾಲು ಕೇಳಿದರೆ ತವರು ತಪ್ಪೀತೆಂಬ ಹೆದರಿಕೆ. ಇದನ್ನು ಸಮಷ್ಟಿಪ್ರಜ್ಞೆ ಎಂದು ದಾಖಲಿಸುವುದು ಅನ್ಯಾಯವೆಂದೇ ನಾನು ತಿಳಿಯುತ್ತೇನೆ. ಆಕೆ ಮಾಡುತ್ತಿರುವುದು ತನ್ನ ಭದ್ರತೆಯ ಲೆಕ್ಕಾಚಾರ, ಅದೂ ಬೇರೆ ಆಸರೆ ಇಲ್ಲದವಳ ಲೆಕ್ಕಾಚಾರ. ಸಮೀಕ್ಷೆ ಮಾಡುವವರು ಅಣ್ಣನನ್ನೂ ತಂಗಿಯನ್ನೂ ಬೇರೆ ಬೇರೆಯಾಗಿ ಮಾತಾಡಿಸಬೇಕು, ‘ಕುಟುಂಬ ಮುಖ್ಯವೇ?’ ಎಂಬುದಕ್ಕೆ ಮೊದಲು, ಪಹಣಿಯಲ್ಲಿ ಯಾರ ಹೆಸರಿದೆ, ಯಾರ ಹೆಸರು ಯಾವಾಗ ಬಿಟ್ಟುಹೋಯಿತು ಎಂದು ಕೇಳಬೇಕು.