ಬೆಟ್ಟ ಹತ್ತಲೊಂದು ನೆಪ

ಮಕ್ಕಳುಮರಿ ಕಟ್ಟಿಕೊಂಡು ಒಂದು ದಿನದ ಮಟ್ಟಿಗೆ ಊರಾಚೆ ಹೋಗಿಬರುವ ಅಭ್ಯಾಸವನ್ನು ನಮಗೆ ಕಲಿಸಿದವರು ಇಂಗ್ಲಿಷರು ಎಂಬ ಮಾತು ಬೆಂಗಳೂರಿನ ಸುತ್ತಮುತ್ತ ಆಗಾಗ ಕೇಳಿಬರುತ್ತದೆ. ನಂದಿಬೆಟ್ಟದ ಹಳೆಯ ಬಂಗಲೆಗಳನ್ನು ನೋಡಿದವರಿಗೆ ಅದು ನಿಜವೆಂದೇ ತೋರುತ್ತದೆ. ಆದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಸೀಮೆಯ ಹಿಂದಿನ ಬದುಕನ್ನೂ ಜೊತೆಗಿಟ್ಟು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ವಿಹಾರ ಇಲ್ಲಿ ಮೊದಲೇ ಇತ್ತು. ಇಂಗ್ಲಿಷರು ತಂದದ್ದು ಅದಕ್ಕೊಂದು ಹೊಸ ನೆಪವನ್ನು ಮಾತ್ರ.

ಇಂಗ್ಲಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ 1791ರಲ್ಲಿ ದೇವನಹಳ್ಳಿ ಕೋಟೆಯನ್ನೂ ಅದೇ ವರ್ಷದ ಅಕ್ಟೋಬರಿನಲ್ಲಿ ನಂದಿಬೆಟ್ಟದ ಕೋಟೆಯಾದ ನಂದಿದುರ್ಗವನ್ನೂ ಹಿಡಿಯಿತು. 1809ರಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷರ ದಂಡು ಬೆಂಗಳೂರಿಗೆ ಬಂತು. ದಂಡಿನ ಹಿಂದೆಯೇ ಅಧಿಕಾರಿಗಳ ಸಂಸಾರಗಳೂ ಬಂದವು. ಪರದೇಶದಲ್ಲಿ ಮಕ್ಕಳನ್ನು ಸಾಕುವ ಆ ತಾಯಂದಿರಿಗೆ ಬಿಸಿಲು, ಜ್ವರ, ಕಾಲರಾಗಳ ಭಯ ಸದಾ ಇತ್ತು. ಅನುಕೂಲವಿದ್ದವರು ಮಕ್ಕಳನ್ನು ಆರೇಳು ವರ್ಷಕ್ಕೆಲ್ಲ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿಬಿಡುತ್ತಿದ್ದರು. ಹಾಗಾಗಿ ಆ ಮನೆಗಳಲ್ಲಿ ಉಳಿದಿರುತ್ತಿದ್ದವು ಹೆಚ್ಚಾಗಿ ಎಳೆಯ ಕೂಸುಗಳೇ. ಬೆಂಗಳೂರಿಗಿಂತ ಐನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ನಂದಿಯ ತಂಪು ಗಾಳಿ ಅವರ ಪಾಲಿಗೆ ಔಷಧದ ಹಾಗಿತ್ತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಬೇಸಿಗೆ ಬಂಗಲೆ ಎದ್ದದ್ದೂ ಅಲ್ಲಿಯೇ. ಸುಮ್ಮನೆ ಸುತ್ತಾಡಲು ಹೊರಟೆವೆಂದು ಅವರು ಹೇಳಿಕೊಳ್ಳಬೇಕಾಗಿರಲಿಲ್ಲ. ಹವಾ ಬದಲಾವಣೆ ಎಂದರೆ ಸಾಕಾಗಿತ್ತು.

ಆ ಹೊತ್ತಿಗಾಗಲೇ ಈ ಸೀಮೆಯ ರೈತರು ಗಾಡಿ ಕಟ್ಟಿ ಮಕ್ಕಳನ್ನು ಕೂರಿಸಿಕೊಂಡು ಎಷ್ಟೋ ತಲೆಮಾರುಗಳಿಂದ ಜಾತ್ರೆಗೆ ಹೋಗುತ್ತಿದ್ದರು. ನಂದಿಯ ಅಡಿಯಲ್ಲಿರುವ ಭೋಗನಂದೀಶ್ವರನ ಗುಡಿ ಒಂಬತ್ತನೆಯ ಶತಮಾನದಷ್ಟು ಹಳೆಯದು; ಅಲ್ಲಿ ಶಿವರಾತ್ರಿಗೆ ತೇರು. ಆ ಆವರಣದ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಎಂಬುದು ಜನರ ನಂಬಿಕೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯಮಾಸದ ತೇರಿನ ಜೊತೆಗೇ ದೊಡ್ಡ ದನಗಳ ಜಾತ್ರೆ ನೆರೆಯುತ್ತದೆ. ಅಪ್ಪ ಎತ್ತಿನ ಹಲ್ಲು ನೋಡಿ ವ್ಯಾಪಾರ ಕುದುರಿಸುವಷ್ಟರಲ್ಲಿ ಮಕ್ಕಳಿಗೆ ಪುರಿ, ಬತ್ತಾಸು, ಪೀಪಿ. ಗುಡಿಯೊಳಗೆ ಸುಬ್ರಹ್ಮಣ್ಯನ ಬೆನ್ನಿಗಿರುವ ನರಸಿಂಹನನ್ನು ಕನ್ನಡಿಯಲ್ಲಿ ನೋಡುವುದಿದೆಯಲ್ಲ, ಮಕ್ಕಳ ಕಣ್ಣಿಗೆ ಅದೊಂದು ಬೆರಗು. ನೆಲಮಂಗಲದ ಕಡೆಯ ಶಿವಗಂಗೆಯಲ್ಲಿ ಸಂಕ್ರಾಂತಿಗೆ ಗಿರಿಜಾ ಕಲ್ಯಾಣ. ಅಲ್ಲಿನ ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟವರಿಗೆ ನೀರು ಸಿಕ್ಕರೆ ಪುಣ್ಯವಂತರು ಎಂದು ಲೆಕ್ಕ. ಇದರಲ್ಲಿ ಭಕ್ತಿಯೆಷ್ಟು, ಆಟವೆಷ್ಟು ಎಂದು ಬೇರ್ಪಡಿಸಲಾಗದು.

ಜಾತ್ರೆಯೆಂದರೆ ಹರಕೆ, ಮುಡಿ, ವ್ಯಾಪಾರ. ಅದನ್ನು ವಿಹಾರವೆನ್ನುವುದು ಹೇಗೆ ಎಂದು ಕೇಳಬಹುದು. ಹಾಗಾದರೆ ಹವೆಗಾಗಿ ಹೋದವರದ್ದೂ ವಿಹಾರವಲ್ಲ, ಚಿಕಿತ್ಸೆ ಎನ್ನಬೇಕಾಗುತ್ತದೆ. ಎರಡೂ ಕಡೆ ಹೊರಡಲು ಗಟ್ಟಿಯಾದ ಕಾರಣವೊಂದಿತ್ತು; ಆ ಕಾರಣದ ನೆರಳಿನಲ್ಲಿ ಮಕ್ಕಳ ಸಂತೋಷವೂ ನಡೆಯಿತು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ರೈತ ತನ್ನ ಬುತ್ತಿಯನ್ನು ತಾನೇ ಕಟ್ಟಿ, ತನ್ನ ಕೂಸನ್ನು ತಾನೇ ಹೊತ್ತ. ದೊರೆಸಾನಿಯ ಮೇನೆಯನ್ನು ಬೋಯಿಗಳು ಹೊತ್ತರು, ಕೂಸನ್ನು ಆಯಾ ಎತ್ತಿಕೊಂಡಳು. ಒಬ್ಬರ ವಿರಾಮ ಇನ್ನೊಬ್ಬರ ದುಡಿಮೆಯಾಗಿತ್ತು ಎಂಬುದನ್ನು ಮರೆತು ಆ ಕಾಲವನ್ನು ಹಾಡಿ ಹೊಗಳುವಂತಿಲ್ಲ. ಆದರೆ ಈ ವ್ಯತ್ಯಾಸ ಅಧಿಕಾರಕ್ಕೆ ಸಂಬಂಧಿಸಿದ್ದು. ಮಕ್ಕಳನ್ನು ಹೊರಗೆ ಕರೆದೊಯ್ಯಬೇಕೆಂಬ ಹಂಬಲ ಯಾವ ದೇಶದಿಂದ ಬಂತು ಎನ್ನುವುದಕ್ಕೆ ಅದು ಪುರಾವೆಯಾಗದು.

ನೆಪದ ಅಗತ್ಯ ಸಡಿಲವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1915ರಲ್ಲಿ ಯಲಹಂಕದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಸಣ್ಣ ರೈಲು ಓಡತೊಡಗಿ, ಗಾಡಿ ಇಲ್ಲದವರಿಗೂ ಬೆಟ್ಟದ ಬುಡ ಹತ್ತಿರವಾಯಿತು. 1927ರಲ್ಲಿ ಕಾಯಿಲೆ ಬಿದ್ದ ಗಾಂಧೀಜಿ ವಿಶ್ರಾಂತಿಗೆಂದು ನಂದಿಗೆ ಬಂದು ತಂಗಿದರು. ಒಂದು ಕಾಲಕ್ಕೆ ದೊರೆಗಳದೇ ಎನಿಸಿದ್ದ ಜಾಗ ಎಲ್ಲರದ್ದಾಗತೊಡಗಿತು. ಆಮೇಲೆ ಬಸ್ಸು, ಸ್ಕೂಟರು, ಕಾರುಗಳು ಬಂದವು. ಭಾನುವಾರವೆಂಬುದೇ ಹೊರಡಲು ಸಾಕಷ್ಟು ಕಾರಣವಾಯಿತು.

ಈಗ ಅದೇ ದೇವನಹಳ್ಳಿಯ ನೆಲದಿಂದ, 2008ರಲ್ಲಿ ಶುರುವಾದ ವಿಮಾನ ನಿಲ್ದಾಣದಿಂದ, ಕನ್ನಡದ ಸಂಸಾರಗಳು ಹೊರದೇಶಗಳಿಗೆ ಹೋಗುತ್ತಿವೆ. ಪಾತ್ರಗಳು ಅದಲುಬದಲಾಗಿವೆ. ಅಜ್ಜಿ ತಾತ ಇಲ್ಲದ ಊರಿನಲ್ಲಿ ಮಕ್ಕಳನ್ನು ಬೆಳೆಸುವವರು ಈಗ ನಾವು. ಅಮೆರಿಕದಲ್ಲಿ 1976ರಲ್ಲಿ ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನ ಪ್ರತಿಷ್ಠೆಯಾದ ಮೇಲೆ, ಗಂಟೆಗಟ್ಟಲೆ ಕಾರು ಓಡಿಸಿಕೊಂಡು ದರ್ಶನಕ್ಕೆ ಹೋಗುವುದು ದಕ್ಷಿಣ ಭಾರತದ ಮನೆಗಳಿಗೆ ರೂಢಿಯಾಯಿತು. ಅಲ್ಲಿನ ಕನ್ನಡ ಕೂಟಗಳು ಬೇಸಿಗೆಯಲ್ಲಿ ಉದ್ಯಾನಗಳಲ್ಲಿ ವನಭೋಜನ ನಡೆಸುತ್ತವೆ. ಇದನ್ನು ಬರೀ ಊರಿನ ಹಂಬಲವೆಂದು ತಳ್ಳಿಹಾಕುವವರಿದ್ದಾರೆ. ಹಾಗಲ್ಲ. ಪರಸ್ಥಳದಲ್ಲಿ ಬೇರುಬಿಡಬೇಕಾದ ಸಂಸಾರಕ್ಕೆ ಮನೆಯಿಂದ ಹೊರಗೆ ಕಾಲಿಡಲು ಪರಿಚಿತವಾದ ಕಾರಣವೊಂದು ಬೇಕು. ಕಬ್ಬನ್ನನ ಕಾಲದ ಇಂಗ್ಲಿಷರಿಗೆ ಅದು ಗಾಳಿಯಲ್ಲಿ ಸಿಕ್ಕಿತು. ನಮ್ಮವರಿಗೆ ಗುಡಿಯಲ್ಲಿ, ಬುತ್ತಿಯಲ್ಲಿ ಸಿಕ್ಕಿದೆ. ಆದ್ದರಿಂದ ಪಿಕ್ನಿಕ್ ಪಶ್ಚಿಮದ ಕೊಡುಗೆ ಎಂಬ ಪಾಠವನ್ನು ನಮ್ಮ ಮಕ್ಕಳಿಗೆ ಹೇಳಿಕೊಡುವುದು ಬೇಡ. ಘಾಟಿಯ ಜಾತ್ರೆಗೆ ಗಾಡಿ ಕಟ್ಟಿದವರಿಗೆ ಆ ವಿಹಾರ ಚೆನ್ನಾಗಿಯೇ ಗೊತ್ತಿತ್ತು.