ಕೋಚ್ ಕುರ್ಚಿಯ ಆಟ: ಅಮೆರಿಕದ ಕಾಲೇಜು ಫುಟ್‌ಬಾಲ್ ಸಿಮ್ಯುಲೇಷನ್ ನಡೆದು ಬಂದ ದಾರಿ

ಕಾಲೇಜು ಫುಟ್‌ಬಾಲ್ ನಿರ್ವಹಣೆಯ ಕಂಪ್ಯೂಟರ್ ಆಟದಲ್ಲಿ ಆಡುವವರು ಚೆಂಡನ್ನು ಎಸೆಯುವುದೂ ಇಲ್ಲ, ಹಿಡಿದು ಓಡುವುದೂ ಇಲ್ಲ. ಅವರು ಅಮೆರಿಕದ ಒಂದು ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆಗುತ್ತಾರೆ. ಅವರ ಮುಂದೆ ಇರುವುದು ಹೆಸರು, ಅಂಕಿ, ಪಟ್ಟಿಗಳು. ಯಾವ ಹೈಸ್ಕೂಲ್ ಹುಡುಗನನ್ನು ಸೇರಿಸಿಕೊಳ್ಳಬೇಕು, ಯಾರನ್ನು ಈ ವರ್ಷ ಆಡಿಸಬೇಕು, ಯಾರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬೇಕು ಎಂದು ತೀರ್ಮಾನಿಸಿದ ಮೇಲೆ ಪಂದ್ಯವನ್ನು ಕಂಪ್ಯೂಟರೇ ಆಡಿ ಫಲಿತಾಂಶ ಹೇಳುತ್ತದೆ. ಹೊಸದಾಗಿ ಆಡಲು ಕುಳಿತವರಿಗೆ ಇದರ ನಿಯಮಗಳು ವಿಚಿತ್ರವಾಗಿ ಕಾಣುತ್ತವೆ. ಬಹುಪಾಲು ಆಟಗಳಲ್ಲಿ ಆಟಗಾರರಿಗೆ ಸಂಬಳವಿಲ್ಲ, ಅವರನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಕಷ್ಟಪಟ್ಟು ಕಟ್ಟಿದ ತಂಡ ನಾಲ್ಕೈದು ವರ್ಷಗಳಲ್ಲಿ ಪೂರ್ತಿ ಕರಗಿಹೋಗುತ್ತದೆ. ಒಂದೂ ಪಂದ್ಯ ಸೋಲದ ತಂಡಕ್ಕೂ ಪ್ರಶಸ್ತಿ ಖಚಿತವಲ್ಲ. ಈ ನಿಯಮಗಳಲ್ಲಿ ಯಾವುದೂ ಆಟ ರಚಿಸಿದವರ ಕಲ್ಪನೆಯಲ್ಲ. ಅಮೆರಿಕದ ಕಾಲೇಜುಗಳು ಒಂದೂವರೆ ಶತಮಾನದಲ್ಲಿ ಮಾಡಿಕೊಂಡ ಒಪ್ಪಂದಗಳು, ಮಾಡಿದ ತಪ್ಪುಗಳು, ತಂದ ತಿದ್ದುಪಡಿಗಳು ಈ ರೂಪದಲ್ಲಿ ಪರದೆಯ ಮೇಲೆ ಬಂದಿವೆ.

ಮೊದಲ ಕಾಲೇಜು ಪಂದ್ಯವೆಂದು ಹೇಳಲಾಗುವುದು 1869ರ ನವೆಂಬರ್ 6ರಂದು ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ನಡೆಯಿತು. ರಟ್ಗರ್ಸ್ ಕಾಲೇಜು ಪ್ರಿನ್ಸ್‌ಟನ್ ತಂಡವನ್ನು 6–4ರಿಂದ ಸೋಲಿಸಿತು. ಒಂದೊಂದು ಕಡೆ 25 ಜನರಿದ್ದ ಆ ಪಂದ್ಯ ಇಂದಿನ ಅಮೆರಿಕನ್ ಫುಟ್‌ಬಾಲ್‌ಗಿಂತ ನಮಗೆ ಗೊತ್ತಿರುವ ಫುಟ್‌ಬಾಲ್‌ಗೇ ಹತ್ತಿರವಾಗಿತ್ತು. ಅದಕ್ಕೆ ಬೇರೆಯದೇ ಆಕಾರ ಕೊಟ್ಟವರು ಯೇಲ್‌ನ ವಾಲ್ಟರ್ ಕ್ಯಾಂಪ್. ತಂಡಕ್ಕೆ 11 ಜನ ಎಂಬ ನಿಯಮವೂ, ಚೆಂಡು ಒಂದೇ ತಂಡದ ವಶದಲ್ಲಿದ್ದು ಗೆರೆಯ ಮೇಲಿಂದ ಆಟ ಶುರುವಾಗುವ ಕ್ರಮವೂ 1880ರಲ್ಲಿ ಬಂದವು. ನಿಗದಿತ ಪ್ರಯತ್ನಗಳಲ್ಲಿ ನಿಗದಿತ ಗಜ ಮುಂದೆ ಸಾಗದಿದ್ದರೆ ಚೆಂಡನ್ನು ಬಿಟ್ಟುಕೊಡಬೇಕೆಂಬ ನಿಯಮ ಬಂದದ್ದು 1882ರಲ್ಲಿ. ಇಂದಿನ ಲೆಕ್ಕ ನಾಲ್ಕು ಪ್ರಯತ್ನಗಳಲ್ಲಿ 10 ಗಜ. ಆಟವನ್ನು ಲೆಕ್ಕಕ್ಕೆ ಒಗ್ಗಿಸಿದ್ದು ಈ ಬದಲಾವಣೆಯೇ. ಕ್ರಿಕೆಟ್ ಎಸೆತದಿಂದ ಎಸೆತಕ್ಕೆ ನಿಂತು ಸಾಗುವಂತೆ ಈ ಆಟವೂ ಪ್ರತಿ ಪ್ರಯತ್ನದ ನಂತರ ನಿಲ್ಲುತ್ತದೆ. ಎಷ್ಟನೇ ಪ್ರಯತ್ನ, ಇನ್ನೆಷ್ಟು ಗಜ ಬಾಕಿ, ಏನು ಆಡಿದರು, ಎಷ್ಟು ದಕ್ಕಿತು ಎಂಬುದನ್ನೆಲ್ಲ ಬರೆದಿಡಬಹುದು. ಹೀಗೆ ಬರೆದಿಡಲು ಬರುವುದನ್ನು ದಾಳದಿಂದಲೂ ಕಂಪ್ಯೂಟರ್‌ನಿಂದಲೂ ಮತ್ತೆ ಆಡಿಸಬಹುದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈದಾನದ ಸಾವುನೋವು ಮಿತಿಮೀರಿತು. 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳ ಪ್ರಮುಖರನ್ನು ಕರೆಸಿ ಮಾತಾಡಿದರು. ಮುಂದಿನ ವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಆಟವನ್ನು ನಿಯಂತ್ರಿಸಲು ಕಾಲೇಜುಗಳ ಒಕ್ಕೂಟವೊಂದು ಹುಟ್ಟಿತು, 1910ರಲ್ಲಿ ಅದಕ್ಕೆ ಎನ್‌ಸಿಎಎ ಎಂಬ ಹೆಸರು ಬಂತು. ಆಟಗಾರ ವಿದ್ಯಾರ್ಥಿಯೇ ಹೊರತು ನೌಕರನಲ್ಲ, ಆಡಿದ್ದಕ್ಕೆ ಹಣ ಪಡೆಯಬಾರದು ಎಂಬುದು ಈ ಒಕ್ಕೂಟದ ಮೂಲ ನಂಬಿಕೆಯಾಗಿತ್ತು. ಆದರೂ ಒಳ್ಳೆಯ ಆಟಗಾರರಿಗಾಗಿ ಕಾಲೇಜುಗಳ ಪೈಪೋಟಿ ನಿಲ್ಲಲಿಲ್ಲ. ಬೋಧನಾ ಶುಲ್ಕ, ಊಟ, ವಸತಿಗಳನ್ನೆಲ್ಲ ಒಳಗೊಂಡ ಕ್ರೀಡಾ ವಿದ್ಯಾರ್ಥಿವೇತನಕ್ಕೆ 1956ರಲ್ಲಿ ಒಪ್ಪಿಗೆ ಸಿಕ್ಕಿತು. ಶ್ರೀಮಂತ ಕಾಲೇಜುಗಳು ಆಟಗಾರರನ್ನು ಗುಡ್ಡೆ ಹಾಕಿಕೊಳ್ಳದಿರಲೆಂದು 1973ರಲ್ಲಿ ಒಂದು ತಂಡಕ್ಕೆ 105 ವಿದ್ಯಾರ್ಥಿವೇತನಗಳ ಮಿತಿ ಬಂತು. 1978ರಲ್ಲಿ ಅದು 95ಕ್ಕೆ, 1994ರ ಹೊತ್ತಿಗೆ 85ಕ್ಕೆ ಇಳಿಯಿತು. ಬಹುಕಾಲ ಆಟಗಳ ಪರದೆಯ ಮೂಲೆಯಲ್ಲಿ ಕಾಣುತ್ತಿದ್ದ 85 ಎಂಬ ಸಂಖ್ಯೆ ಬಂದದ್ದು ಇಲ್ಲಿಂದ.

ಪ್ರಶಸ್ತಿಯ ಗೊಂದಲಕ್ಕೂ ಇಂಥದೇ ಹಿನ್ನೆಲೆಯಿದೆ. ಕಾಲೇಜು ಫುಟ್‌ಬಾಲ್‌ನ ಮೇಲಿನ ಹಂತದಲ್ಲಿ ಬಹುಕಾಲ ಫೈನಲ್ ಪಂದ್ಯವೇ ಇರಲಿಲ್ಲ. 1902ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಹೊಸ ವರ್ಷದ ಉತ್ಸವದ ಅಂಗವಾಗಿ ನಡೆದ ಪಂದ್ಯದಲ್ಲಿ ಮಿಷಿಗನ್ ತಂಡ ಸ್ಟ್ಯಾನ್‌ಫರ್ಡನ್ನು 49–0ರಿಂದ ಸೋಲಿಸಿತು. ರೋಸ್ ಬೌಲ್‌ನ ಆರಂಭ ಅದು. ಮುಂದೆ ಬೇರೆ ಬೇರೆ ಊರುಗಳು ತಮ್ಮದೇ ‘ಬೌಲ್’ ಪಂದ್ಯಗಳನ್ನು ಶುರುಮಾಡಿದವು. ಯಾರು ಶ್ರೇಷ್ಠರು ಎಂಬ ಪ್ರಶ್ನೆಯನ್ನು 1936ರಿಂದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪತ್ರಕರ್ತರ ಮತಕ್ಕೆ ಹಾಕಿತು. ಮೊದಲ ಎರಡು ತಂಡಗಳನ್ನು ಮುಖಾಮುಖಿಯಾಗಿಸುವ ವ್ಯವಸ್ಥೆ 1998ರಲ್ಲಿ ಬಂತು. 2014ರ ಋತುವಿನಿಂದ ನಾಲ್ಕು, 2024ರಿಂದ 12 ತಂಡಗಳು ನಾಕೌಟ್ ಆಡತೊಡಗಿದವು. ಹಾಗಾಗಿ ಸಿಮ್ಯುಲೇಷನ್ ರಚಿಸುವವರು ಪಂದ್ಯವನ್ನಷ್ಟೇ ಅನುಕರಿಸಿದರೆ ಸಾಲದು. ಮತ ಹಾಕುವವರ ಮನಸ್ಸನ್ನೂ ಲೆಕ್ಕಕ್ಕೆ ಇಳಿಸಬೇಕು: ದುರ್ಬಲ ತಂಡದ ಮೇಲಿನ ಗೆಲುವಿಗೆ ಎಷ್ಟು ಬೆಲೆ, ಋತುವಿನ ಕೊನೆಯಲ್ಲಿ ಸೋತರೆ ಎಷ್ಟು ನಷ್ಟ ಎಂಬುದನ್ನೆಲ್ಲ ನಿಗದಿ ಮಾಡಬೇಕು.

ಫುಟ್‌ಬಾಲನ್ನು ಮೇಜಿನ ಮೇಲೆ ಆಡುವ ರೂಢಿ ಬೇಸ್‌ಬಾಲ್‌ನ ಬೆನ್ನಿಗೆ ಬಂತು. ಪೆನ್ಸಿಲ್ವೇನಿಯಾದ ರಿಚರ್ಡ್ ಸೈಟ್ಸ್ 1951ರಲ್ಲಿ ಎಪಿಬಿಎ ಹೆಸರಿನ ಬೇಸ್‌ಬಾಲ್ ಆಟ ಹೊರತಂದರು. ಹ್ಯಾಲ್ ರಿಚ್‌ಮನ್ 1961ರಲ್ಲಿ ಸ್ಟ್ರ್ಯಾಟ್-ಓ-ಮ್ಯಾಟಿಕ್ ಶುರುಮಾಡಿದರು. ಇವುಗಳಲ್ಲಿ ಪ್ರತಿ ಆಟಗಾರನಿಗೂ ಒಂದು ಕಾರ್ಡು ಇರುತ್ತಿತ್ತು. ದಾಳ ಹಾಕಿ ಕಾರ್ಡು ನೋಡಿದರೆ ಆ ಆಟಗಾರನ ನಿಜವಾದ ಸಾಧನೆಗೆ ಹೊಂದುವ ಫಲಿತಾಂಶ ಸಿಗುತ್ತಿತ್ತು. ಎರಡೂ ಸಂಸ್ಥೆಗಳು ಮುಂದೆ ಫುಟ್‌ಬಾಲ್ ಆಟಗಳನ್ನೂ ತಂದವು. 1970ರ ದಶಕದಲ್ಲಿ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯ ಹೆಸರಿನಲ್ಲಿ ವೃತ್ತಿಪರ ತಂಡಗಳ ‘ಪೇಡರ್ಟ್’, ಹೆಸರಾಂತ ಕಾಲೇಜು ತಂಡಗಳ ‘ಬೌಲ್ ಬೌಂಡ್’ ಬಂದವು. ಆಯಾ ತಂಡದ ಬಲಾಬಲವನ್ನು ಒಂದೇ ಕೋಷ್ಟಕದಲ್ಲಿ ಹಿಡಿದಿಟ್ಟು, ದಾಳದ ಅಂಕಿಗೆ ಎದುರಾಗಿ ಎಷ್ಟು ಗಜ ಎಂದು ಬರೆದಿರುತ್ತಿದ್ದರು. 

ಅಷ್ಟರಲ್ಲೇ ಕಾಲೇಜು ಫುಟ್‌ಬಾಲ್ ಕಂಪ್ಯೂಟರ್‌ಗೂ ಕಾಲಿಟ್ಟಿತ್ತು. ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ, ಥಾಮಸ್ ಕರ್ಟ್ಸ್ ಸೇರಿ ರೂಪಿಸಿದ ಬೇಸಿಕ್ ಭಾಷೆ 1964ರ ಮೇ 1ರಂದು ಮೊದಲ ಬಾರಿಗೆ ಓಡಿತು. 1965ರ ನವೆಂಬರ್‌ನಲ್ಲಿ ಡಾರ್ಟ್‌ಮತ್ ತಂಡ ಪ್ರಿನ್ಸ್‌ಟನ್ನನ್ನು ಸೋಲಿಸಿ ಋತುವನ್ನು ಅಜೇಯವಾಗಿ ಮುಗಿಸಿತು. ಆ ಗೆಲುವಿನ ಸಂಭ್ರಮದಲ್ಲಿ ಕೆಮೆನಿಯವರೇ ಒಂದು ಫುಟ್‌ಬಾಲ್ ಪ್ರೋಗ್ರಾಂ ಬರೆದರು. ಆಗ ಪರದೆ ಇರಲಿಲ್ಲ, ಟೆಲಿಟೈಪ್ ಯಂತ್ರವೇ ಎಲ್ಲ. ಆಡುವವರು ಡಾರ್ಟ್‌ಮತ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿಯನ್ನು ನಡೆಸುವ ಆಟಗಾರ. ಅವರು 1ರಿಂದ 7ರವರೆಗಿನ ಒಂದು ಅಂಕಿ ಒತ್ತಬೇಕು: 1 ಎಂದರೆ ಸಾದಾ ಓಟ, 2 ಕಣ್ಕಟ್ಟಿನ ಓಟ, 3 ಹತ್ತಿರದ ಪಾಸ್, 4 ದೂರದ ಪಾಸ್, ಉಳಿದ ಮೂರು ಬಗೆಬಗೆಯ ಒದೆತಗಳು. ಎಷ್ಟು ಗಜ ದಕ್ಕಿತು, ಚೆಂಡು ಎಲ್ಲಿದೆ ಎಂಬುದನ್ನು ಯಂತ್ರ ಕಾಗದದ ಮೇಲೆ ಟಕಟಕನೆ ಅಚ್ಚು ಮಾಡುತ್ತಿತ್ತು. ಒಬ್ಬ ಬಳಸುತ್ತಿರುವಾಗಲೇ ಹತ್ತಾರು ಜನ ಅದೇ ಕಂಪ್ಯೂಟರನ್ನು ಬಳಸಬಹುದಾಗಿದ್ದ ಡಾರ್ಟ್‌ಮತ್ ವ್ಯವಸ್ಥೆಯಲ್ಲಿ ಈ ಆಟ ವಿದ್ಯಾರ್ಥಿಗಳಿಗೆ ಸುಲಭವಾಗಿ ಸಿಕ್ಕಿತು. 1973ರಲ್ಲಿ ಡೇವಿಡ್ ಆಲ್ ಸಂಪಾದಿಸಿದ ಬೇಸಿಕ್ ಆಟಗಳ ಸಂಕಲನದ ಮೂಲಕ ಅದು ದೇಶದ ಬೇರೆಡೆಗೂ ಹೋಯಿತು.

ಈ ಪ್ರೋಗ್ರಾಂನಲ್ಲಿ ಇದ್ದದ್ದು ಒಂದು ಪಂದ್ಯ ಮಾತ್ರ. ಪಂದ್ಯ ಮುಗಿದರೆ ಎಲ್ಲವೂ ಮುಗಿಯಿತು. ಋತುವಿನಿಂದ ಋತುವಿಗೆ ಸಾಗುವ ನಿರ್ವಹಣಾ ಆಟ ಜನಪ್ರಿಯವಾದದ್ದು ಬ್ರಿಟನ್ನಿನಲ್ಲಿ. ಅಲ್ಲಿ ಕೆವಿನ್ ಟಾಮ್ಸ್ 1982ರಲ್ಲಿ ನಮಗೆ ಗೊತ್ತಿರುವ ಫುಟ್‌ಬಾಲ್‌ನ ‘ಫುಟ್‌ಬಾಲ್ ಮ್ಯಾನೇಜರ್’ ಹೊರತಂದರು. 1992ರಲ್ಲಿ ಪಾಲ್ ಮತ್ತು ಆಲಿವರ್ ಕಾಲಿಯರ್ ಸಹೋದರರ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ಬಂತು. ಅಮೆರಿಕದಲ್ಲಿ 1990ರ ದಶಕದ ಕೊನೆಗೆ ಜಿಮ್ ಗಿಂಡಿನ್ ರೂಪಿಸಿದ ‘ಫ್ರಂಟ್ ಆಫೀಸ್ ಫುಟ್‌ಬಾಲ್’ ವೃತ್ತಿಪರ ತಂಡದ ಆಡಳಿತವನ್ನು ಮನೆಯ ಕಂಪ್ಯೂಟರ್‌ಗೆ ತಂದಿತು. ಅದರ ಜೋಡಿಯಾಗಿ ಬಂದ ‘ದಿ ಕಾಲೇಜ್ ಇಯರ್ಸ್’ ಆಟದಲ್ಲಿ ಓದು ಮುಗಿಸಿದ ಆಟಗಾರರನ್ನು ವೃತ್ತಿಪರ ಆಟಕ್ಕೆ ಕಳಿಸಲೂ ಅವಕಾಶವಿತ್ತು. ಮುಂದೆ ‘ಬೌಲ್ ಬೌಂಡ್ ಕಾಲೇಜ್ ಫುಟ್‌ಬಾಲ್’, ‘ಡ್ರಾಫ್ಟ್ ಡೇ ಸ್ಪೋರ್ಟ್ಸ್’ ಸರಣಿಯ ಕಾಲೇಜು ಆಟ, ‘ಫುಟ್‌ಬಾಲ್ ಕೋಚ್: ಕಾಲೇಜ್ ಡೈನಸ್ಟಿ’ ಇದೇ ಹಾದಿ ಹಿಡಿದವು. ಅಂತರ್ಜಾಲದಲ್ಲಿ ನೂರಾರು ಜನ ಒಟ್ಟಿಗೆ ಆಡುವ ‘ಗ್ರಿಡ್‌ಐರನ್ ಡೈನಸ್ಟಿ’ಯೂ ಬಂತು. ಅದರಲ್ಲಿ ಹೊಸಬರು ಕೆಳಗಿನ ಮೂರನೆಯ ಡಿವಿಷನ್‌ನಲ್ಲಿ ಕೆಲಸ ಶುರುಮಾಡಿ ಮೇಲೇರಬೇಕು.

ಇಂಥ ಆಟ ತೆರೆದ ಹೊಸಬರು ಸಾಮಾನ್ಯವಾಗಿ ಮೊದಲು ಪಂದ್ಯದ ಕಡೆಗೇ ನೋಡುತ್ತಾರೆ. ಯಾವ ತಂತ್ರ ಹೂಡಬೇಕು, ಓಡಬೇಕೋ ಎಸೆಯಬೇಕೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾದ ಕೆಲಸ ಬೇರೆ ಕಡೆ ಇದೆ ಎಂಬುದು ಎರಡು ಮೂರು ಋತುಗಳಲ್ಲಿ ಗೊತ್ತಾಗುತ್ತದೆ. ಹೈಸ್ಕೂಲ್ ಹುಡುಗರ ಪಟ್ಟಿಯಲ್ಲಿ ಒಂದೊಂದು ಸಾಲೂ ಒಬ್ಬ ಹುಡುಗ. ಅಲ್ಲಿ ಅವನ ಆಟದ ಸ್ಥಾನ, ಎತ್ತರ, ತೂಕ, ಊರು, ಒಂದರಿಂದ ಐದರವರೆಗಿನ ನಕ್ಷತ್ರಗಳು ಕಾಣುತ್ತವೆ. ಅವನು ಎಷ್ಟು ಬೆಳೆಯಬಲ್ಲ ಎಂಬುದು ಕಾಣುವುದಿಲ್ಲ. ಕೋಚ್‌ಗೆ ವಾರಕ್ಕೆ ಇಷ್ಟೇ ಸಮಯ ಎಂಬ ಮಿತಿ ಇರುತ್ತದೆ. ಅದರಲ್ಲೇ ಹುಡುಗನಿಗೆ ಕರೆ ಮಾಡಬೇಕು, ಮನೆಗೆ ಹೋಗಿ ಮಾತಾಡಬೇಕು, ಕ್ಯಾಂಪಸ್‌ಗೆ ಕರೆಸಬೇಕು. ಐದು ನಕ್ಷತ್ರದ ಹುಡುಗನ ಹಿಂದೆ ಎಲ್ಲ ಸಮಯವನ್ನೂ ಸುರಿದರೆ ಅವನು ಕೊನೆಯ ವಾರದಲ್ಲಿ ಹೆಸರಾಂತ ಕಾಲೇಜಿಗೆ ಹೋಗಿಬಿಡಬಹುದು. ಪಕ್ಕದ ಊರಿನ ಮೂರು ನಕ್ಷತ್ರದ ಹುಡುಗ ಮೂರನೆಯ ವರ್ಷದ ಹೊತ್ತಿಗೆ ತಂಡದ ಬೆನ್ನೆಲುಬಾಗಬಹುದು. ನಿಜ ಜೀವನದಲ್ಲಿ ಹುಡುಗರು ಕಾಲೇಜಿಗೆ ಸೇರುವುದಾಗಿ ಸಹಿ ಹಾಕುವ ದಿನ ಬಹುಕಾಲ ಫೆಬ್ರವರಿಯ ಮೊದಲ ಬುಧವಾರವಾಗಿತ್ತು. 2017ರಿಂದ ಡಿಸೆಂಬರ್‌ನಲ್ಲೂ ಅವಕಾಶ ಕೊಟ್ಟ ಮೇಲೆ ಬಹುತೇಕ ಸಹಿಗಳು ಆಗಲೇ ಬೀಳತೊಡಗಿದವು.

ತಂಡ ಸೇರಿದವನಿಗೆ ಐದು ವರ್ಷಗಳಲ್ಲಿ ನಾಲ್ಕು ಋತು ಆಡುವ ಹಕ್ಕು. ಒಂದು ವರ್ಷ ಆಡಿಸದೆ ಬರೀ ಅಭ್ಯಾಸ ಮಾಡಿಸಿದರೆ ಅದಕ್ಕೆ ರೆಡ್‌ಶರ್ಟ್ ಎನ್ನುತ್ತಾರೆ, ಆ ಋತು ಲೆಕ್ಕಕ್ಕೆ ಸೇರುವುದಿಲ್ಲ. ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವ, ಮೈಕಟ್ಟು ತುಂಬಲು ಕಾಲ ಬೇಕಾಗುವ ಲೈನ್‌ಮನ್‌ಗಳಿಗೆ ಇದು ಹೆಚ್ಚು ಉಪಯೋಗ. ಹೊಸಬರು ಬಹಳ ಸಲ ಇದನ್ನು ಮರೆತು ಎಲ್ಲರನ್ನೂ ಮೊದಲ ವರ್ಷವೇ ಆಡಿಸುತ್ತಾರೆ. ನಾಲ್ಕು ವರ್ಷದ ನಂತರ ಇಡೀ ಸಾಲು ಒಟ್ಟಿಗೆ ಪದವಿ ಪಡೆದು ಹೋದಾಗ ತಂಡ ಒಮ್ಮೆಲೇ ಬರಿದಾಗುತ್ತದೆ. ವೃತ್ತಿಪರ ಲೀಗ್‌ನಲ್ಲಿ 1936ರಿಂದ ಡ್ರಾಫ್ಟ್ ಇದೆ. ಕಳೆದ ಋತುವಿನಲ್ಲಿ ಅತಿ ಕೆಳಗಿದ್ದ ತಂಡಕ್ಕೆ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ ಸಿಗುವುದರಿಂದ ತಂಡಗಳು ಸಮವಾಗುತ್ತ ಬರುತ್ತವೆ. ಕಾಲೇಜಿನಲ್ಲಿ ಅಂಥ ವ್ಯವಸ್ಥೆಯೇ ಇಲ್ಲ, ಗೆದ್ದವರಿಗೇ ಒಳ್ಳೆಯ ಹುಡುಗರು ಸಿಗುತ್ತಾರೆ. ಸಣ್ಣ ಕಾಲೇಜಿನ ಕೋಚ್ ಆದವರು ಏಳು ಪಂದ್ಯ ಗೆದ್ದರೂ ಅದು ದೊಡ್ಡ ಸಾಧನೆ. ಅನುಭವಿಗಳು ಬೇಕೆಂದೇ ಇಂಥ ಕಾಲೇಜನ್ನು ಆರಿಸಿಕೊಂಡು ಇಪ್ಪತ್ತು ಋತುಗಳಲ್ಲಿ ಮೇಲೆತ್ತುವುದೇ ಈ ಆಟದ ನಿಜವಾದ ಸೊಗಸು.

ಇದರ ನಡುವೆ ಆಟಗಾರನ ಹೆಸರಿನ ಪ್ರಶ್ನೆ ಎದ್ದಿತು. ಇಎ ಸಂಸ್ಥೆ 1993ರಿಂದ ತರುತ್ತಿದ್ದ ಕಾಲೇಜು ಫುಟ್‌ಬಾಲ್ ವಿಡಿಯೊ ಆಟಗಳಲ್ಲೂ ವರ್ಷಾನುಗಟ್ಟಲೆ ತಂಡ ಕಟ್ಟುವ ‘ಡೈನಸ್ಟಿ’ ವಿಧಾನವಿತ್ತು. ಆಟಗಾರರ ಹೆಸರು ಅವುಗಳಲ್ಲಿ ಇರುತ್ತಿರಲಿಲ್ಲ, ಆದರೆ ಅಂಗಿಯ ಸಂಖ್ಯೆ, ಎತ್ತರ, ತೂಕ, ತವರು ರಾಜ್ಯಗಳು ನಿಜವಾದ ಆಟಗಾರನಿಗೆ ಹೊಂದುತ್ತಿದ್ದವು. ಕಾಲೇಜಿಗೆ ಪರವಾನಗಿ ಹಣ ಸಿಗುತ್ತಿತ್ತು, ಆಟಗಾರನಿಗೆ ಏನೂ ಇಲ್ಲ. 2009ರಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಕೆಲ್ಲರ್ ಮತ್ತು ಯುಸಿಎಲ್‌ಎ ವಿಶ್ವವಿದ್ಯಾಲಯದ ಮಾಜಿ ಬಾಸ್ಕೆಟ್‌ಬಾಲ್ ಆಟಗಾರ ಎಡ್ ಒಬ್ಯಾನನ್ ಇದನ್ನು ಪ್ರಶ್ನಿಸಿ ಬೇರೆ ಬೇರೆಯಾಗಿ ಮೊಕದ್ದಮೆ ಹೂಡಿದರು. 2013ರ ಜುಲೈನಲ್ಲಿ ಬಂದ ‘ಎನ್‌ಸಿಎಎ ಫುಟ್‌ಬಾಲ್ 14’ರ ನಂತರ ಸರಣಿ ನಿಂತುಹೋಯಿತು. ಎನ್‌ಸಿಎಎ ಸಹಿತ ಪ್ರತಿವಾದಿಗಳು ಆಟಗಾರರಿಗೆ ಒಟ್ಟು 6 ಕೋಟಿ ಡಾಲರ್ ಕೊಡಲು ಒಪ್ಪಿದರು. 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಬ್ಯಾನನ್ ಪರ ತೀರ್ಪಿತ್ತರು. ತಮ್ಮದೇ ಕಾಯ, ತಮ್ಮದೇ ಆಟ ಪೆಟ್ಟಿಗೆಯಲ್ಲಿ ಮಾರಾಟವಾಗುವುದನ್ನು ನೋಡಿ ಸುಮ್ಮನಿರಬೇಕಾಗಿದ್ದ ಯುವಕರಿಗೆ ಸಿಕ್ಕ ನ್ಯಾಯ ಇದು. ಕಲ್ಪಿತ ಆಟಗಾರರನ್ನೇ ನಂಬಿದ್ದ ಪಠ್ಯಪ್ರಧಾನ ನಿರ್ವಹಣಾ ಆಟಗಳು ಇಎ ಸರಣಿ ನಿಂತಿದ್ದ ಆ ವರ್ಷಗಳಲ್ಲೂ ನಡೆಯುತ್ತಲೇ ಬಂದವು.

ನಂತರದ ಬದಲಾವಣೆಗಳು ಆಟದ ಬುನಾದಿಯನ್ನೇ ಅಲುಗಿಸಿದವು. 2018ರಲ್ಲಿ ಕಾಲೇಜು ಬದಲಿಸಲು ಬಯಸುವ ಆಟಗಾರರ ಹೆಸರು ದಾಖಲಾಗುವ ಟ್ರಾನ್ಸ್‌ಫರ್ ಪೋರ್ಟಲ್ ಶುರುವಾಯಿತು. 2021ರ ಜೂನ್‌ನಲ್ಲಿ, ಆಟಗಾರರ ಸೌಲಭ್ಯಗಳ ಮೇಲಿನ ಮಿತಿಯನ್ನು ಪ್ರಶ್ನಿಸಿದ ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಅದೇ ವರ್ಷದ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದಾಯಿತು. 2024ರ ಜುಲೈನಲ್ಲಿ ‘ಇಎ ಸ್ಪೋರ್ಟ್ಸ್ ಕಾಲೇಜ್ ಫುಟ್‌ಬಾಲ್ 25’ 134 ತಂಡಗಳೊಂದಿಗೆ ಬಂದಾಗ ಅದರಲ್ಲಿ ಆಟಗಾರರ ನಿಜ ಹೆಸರುಗಳಿದ್ದವು. ಒಪ್ಪಿದ ಪ್ರತಿಯೊಬ್ಬರಿಗೂ 600 ಡಾಲರ್ ಮತ್ತು ಆಟದ ಒಂದು ಪ್ರತಿ ಸಿಕ್ಕಿತು. 10,000ಕ್ಕೂ ಹೆಚ್ಚು ಆಟಗಾರರು ಒಪ್ಪಿದ್ದರು. ‘ಹೌಸ್’ ಹೆಸರಿನ ಮೊಕದ್ದಮೆಯಲ್ಲಿ ಆಗಿ 2025ರ ಜೂನ್‌ನಲ್ಲಿ ಅಂಗೀಕಾರವಾದ ರಾಜಿಯ ಪ್ರಕಾರ ಕಾಲೇಜುಗಳು 2025–26ರಲ್ಲಿ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ಕ್ರೀಡಾಪಟುಗಳಿಗೆ ನೇರವಾಗಿ ಹಂಚಬಹುದೆಂದು ನಿಗದಿಯಾಯಿತು. 85 ವಿದ್ಯಾರ್ಥಿವೇತನಗಳ ಮಿತಿ ಹೋಗಿ, ರಾಜಿಗೆ ಒಳಪಟ್ಟ ಕಾಲೇಜುಗಳ ಫುಟ್‌ಬಾಲ್ ತಂಡದಲ್ಲಿ ಒಟ್ಟು 105 ಜನರಿಗೆ ಜಾಗ ಎಂಬ ಮಿತಿ ಬಂತು. ಈಗ ಸಿಮ್ಯುಲೇಷನ್ ರಚಿಸುವವರು ಹುಡುಗನ ನಕ್ಷತ್ರಗಳ ಜೊತೆಗೆ ಅವನು ಕೇಳುವ ಹಣವನ್ನೂ, ಎರಡನೆಯ ವರ್ಷಕ್ಕೇ ಬಿಟ್ಟುಹೋಗುವ ಸಂಭವವನ್ನೂ ಲೆಕ್ಕಕ್ಕೆ ತರಬೇಕಾಗಿದೆ. ನಾಲ್ಕು ವರ್ಷ ಮುಂದಕ್ಕೆ ಯೋಚಿಸಿ ತಂಡ ಕಟ್ಟುತ್ತಿದ್ದ ಕೋಚ್, ಮೈದಾನದಲ್ಲೂ ಪರದೆಯ ಮೇಲೂ, ಇನ್ನು ಪ್ರತಿ ವರ್ಷವೂ ಹೊಸದಾಗಿ ತಂಡ ಕಟ್ಟಬೇಕು.